ಯಾವ ಸ್ಟಾಪಲ್ಲಿ ತಪ್ಪಿದ್ರಿ?

ನಲವತ್ತಾರನೆಯ ವಯಸ್ಸಿನಲ್ಲಿ ಹೆಂಗಸೊಬ್ಬಳು ಚೆಸ್ ಕಲಿಯುತ್ತೇನೆ ಎಂದು ಹೊರಟರೆ ಜನ ಅವಳನ್ನು ಒಂದು ಥರಾ ನೋಡುತ್ತಾರೆ. ಯೋಗ ಕಲಿಯುತ್ತೇನೆ ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕೇಕ್ ಮಾಡಲು ಕಲಿಯುತ್ತೇನೆ ಅಂದಿದ್ದರೆ ನಮಗೂ ಒಂದು ತುಂಡು ಇರಲಿ ಅನ್ನುತ್ತಿದ್ದರು. ಚೆಸ್ ಅಂದಾಗ ಮಾತ್ರ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ಯಾಕೆ, ಏನಾಯ್ತು ನಿಂಗೆ?" ಎಂದು ಗಾಬರಿಯಿಂದ ಕೇಳಿದರು. ನನ್ನನ್ನು ಹಾಗೆ ನೋಡದೇ ಇದ್ದವರು ಒಬ್ಬರೇ. ಅವರು ಕಳೆದ ತಿಂಗಳು ತೀರಿಕೊಂಡರು.

ಕೆ.ಆರ್. ಪುರದ ಪಕ್ಕದ ಒಂದು ಹಳ್ಳಿಯವರು. ಹಳ್ಳಿ ಅನ್ನುವುದು ಈಗ ಹೆಸರಿಗೆ ಮಾತ್ರ, ಸುತ್ತ ಎಲ್ಲ ಅಪಾರ್ಟ್‌ಮೆಂಟು. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ ಓಡಿಸಿ ರಿಟೈರ್ ಆಗಿದ್ದರು. ನಾವೆಲ್ಲ ಅವರನ್ನು ಡ್ರೈವರಣ್ಣ ಎಂದು ಕರೆಯುತ್ತಿದ್ದೆವು. ನಿಜವಾದ ಹೆಸರು ಕನ್ನಡಕದ ಬಿಲ್ಲಿನಲ್ಲಿ ಬರೆದು ಬರೆದು ನನಗೆ ಗೊತ್ತಿತ್ತು, ಆದರೆ ಆ ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುತ್ತಿದ್ದರೋ ಇಲ್ಲವೋ ಅನುಮಾನ.

ನಾನು ಕಾಕ್ಸ್ ಟೌನಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬೋರ್ಡುಗಳ ಮೇಲೆ ಸರ್ವಜ್ಞನಗರ ಎಂದಿರುತ್ತದೆ, ಬಾಯಲ್ಲಿ ಕಾಕ್ಸ್ ಟೌನ್ ಬಿಟ್ಟು ಬೇರೇನೂ ಬರುವುದಿಲ್ಲ. ಮಧ್ಯಾಹ್ನ ಎರಡರಿಂದ ಐದರವರೆಗೆ ನಮ್ಮ ಬೀದಿಯಲ್ಲಿ ನಾಯಿ ಕೂಡ ಎದ್ದು ಓಡಾಡುವುದಿಲ್ಲ. ಅಂಥ ಹೊತ್ತಿನಲ್ಲಿ ಬೇಸರ ಕಳೆಯಲು ಫೋನಿಗೆ ಚೆಸ್ ಹಾಕಿಕೊಂಡಿದ್ದೆ. ಅದರಲ್ಲಿ ಎಲ್ಲರಿಗಿಂತ ದಡ್ಡ ಎದುರಾಳಿ ಎಂದು ಒಂದು ಕೋಳಿಮರಿಯ ಚಿತ್ರವಿತ್ತು. ಆ ಕೋಳಿಮರಿ ನನ್ನನ್ನು ನಾಲ್ಕೇ ನಡೆಗಳಲ್ಲಿ ಸೋಲಿಸುತ್ತಿತ್ತು. ಒಂದು ದಿನ ಹಾಗೆ ಸೋತು, "ಥೂ ನಿನ್ನ" ಎಂದು ಕೋಳಿಮರಿಗೆ ಬಯ್ಯುತ್ತಿದ್ದಾಗ, ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಬಂದು ನಿಂತಿದ್ದ ದಪ್ಪ ಮೀಸೆಯ ಮನುಷ್ಯರೊಬ್ಬರು ಕೌಂಟರಿನ ಮೇಲಿಂದ ಬಗ್ಗಿ ನನ್ನ ಫೋನ್ ನೋಡಿದರು.

"ಶಿವಾಜಿನಗರ ಬಿಟ್ಟು ಇನ್ನೂ ಸ್ಟ್ಯಾಂಡ್ ಗೇಟೇ ದಾಟಿಲ್ವಲ್ಲ ಮೇಡಂ, ಆಗ್ಲೇ ಕೆಟ್ಟು ನಿಂತ್ಬಿಡ್ತಾ ಗಾಡಿ?" ಎಂದರು.

ನನಗೆ ಸಿಟ್ಟು ಬಂತು. ಸ್ಕ್ರೂ ಸ್ವಲ್ಪ ಜಾಸ್ತಿಯೇ ಬಿಗಿ ಮಾಡಿ ಕೊಟ್ಟೆ. ಅವರು ಅದನ್ನು ಮೂಗಿನ ಮೇಲೆ ಏರಿಸಿಕೊಂಡು, ಕಂಕುಳಲ್ಲಿದ್ದ ಮಡಚುವ ಮರದ ಬೋರ್ಡನ್ನು ತೋರಿಸಿ, "ಪಕ್ಕದ ಬೇಕರಿ ಬೆಂಚ್ ಮೇಲಿರ್ತೀನಿ. ಬನ್ನಿ. ಕೋಳಿ ಹತ್ರ ಯಾರೂ ಆಟ ಕಲ್ತಿಲ್ಲ," ಎಂದು ಹೊರಟುಹೋದರು.

ನಮ್ಮ ಅಂಗಡಿಯ ಪಕ್ಕದ್ದು ಸೆಲ್ವಿಯಕ್ಕನ ಬೇಕರಿ. ಅದರ ಮುಂದೆ ಮರದ ಕೆಳಗೆ ಒಂದು ಕಲ್ಲು ಬೆಂಚು. ಡ್ಯೂಟಿಯ ದಿನಗಳಲ್ಲಿ ಟೀ ಕುಡಿದು ಅಭ್ಯಾಸವಾದ ಜಾಗ ಎಂದು ಅವರು ವಾರಕ್ಕೆ ಮೂರು ದಿನ ಟಿನ್ ಫ್ಯಾಕ್ಟರಿಯಲ್ಲಿ ಬಸ್ ಬದಲಾಯಿಸಿಕೊಂಡು ಇಷ್ಟು ದೂರ ಬರುತ್ತಿದ್ದರು. ಬಸ್ಸಿನಲ್ಲಿ ಯಾವಾಗಲೂ ಡ್ರೈವರ್ ಹಿಂದಿನ ಸೀಟೇ ಬೇಕು. ಒಮ್ಮೆ ಅವರ ಜೊತೆ ಶಿವಾಜಿನಗರದಿಂದ ಹಲಸೂರಿನವರೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಮೊದಲ ದಿನ ನಾನು ಏಳನೆಯ ನಡೆಗೆ ರಾಣಿಯನ್ನು ಕಳೆದುಕೊಂಡೆ. ನನ್ನ ಕೈಯದ್ದೇ ದೊಡ್ಡ ಕಾಟ. ಅಂಗಡಿಯ ಕೆಲಸದಲ್ಲಿ ಕಣ್ಣಿಗಿಂತ ಕೈ ಮುಂದೆ ಹೋಗುತ್ತದೆ. ಗಿರಾಕಿ ಬಾಯಿ ಬಿಡುವ ಮೊದಲೇ ಸ್ಕ್ರೂಡ್ರೈವರ್ ಕೈಯಲ್ಲಿರುತ್ತದೆ. ಬೋರ್ಡಿನ ಮುಂದೆಯೂ ಹಾಗೇ, ಏನು ಆಡಬೇಕು ಎಂದು ಯೋಚಿಸುವಷ್ಟರಲ್ಲಿ ಕೈ ಕುದುರೆಯ ಕತ್ತು ಹಿಡಿದಿರುತ್ತಿತ್ತು. ಮುಟ್ಟಿದ ಮೇಲೆ ಅದನ್ನೇ ಆಡಬೇಕು ಎನ್ನುವುದು ಅವರ ಕಟ್ಟುನಿಟ್ಟು. ಎರಡನೆಯ ವಾರ ಅವರು ಸೆಲ್ವಿಯಕ್ಕನಿಗೆ ಹೇಳಿ ಒಂದು ಲೋಟ ಟೀ ತರಿಸಿ ನನ್ನ ಎರಡೂ ಕೈಗೆ ಕೊಟ್ಟರು.

"ಹಿಡ್ಕೊಳ್ಳಿ. ಕಂಡಕ್ಟರು ರೈಟ್ ಅನ್ನೋ ತಂಕ ಗಾಡಿ ಕದಲಂಗಿಲ್ಲ. ಇಲ್ಲಿ ಡ್ರೈವರೂ ನೀವೇ, ಕಂಡಕ್ಟರೂ ನೀವೇ. ಎಲ್ಲಾ ನೋಡಿ. ಆಮೇಲೆ ಬಾಯ್ಬಿಟ್ಟು ರೈಟ್ ಅನ್ನಿ. ಅಂದ್ಮೇಲೇನೇ ಲೋಟ ಕೆಳಗಿಡ್ಬೇಕು."

"ಬಾಯ್ಬಿಟ್ಟು ಅನ್ಲೇಬೇಕಾ ಅಣ್ಣ? ಜನ ನೋಡ್ತಾರೆ."

"ನೋಡ್ಲಿ. ರಾಣಿ ಹೋಗೋದನ್ನೂ ಅವ್ರೇ ನೋಡ್ತಿರ್ತಾರಲ್ಲ."

ಹಾಗೆ ನಾನು ಕಾಕ್ಸ್ ಟೌನಿನ ಬೀದಿಯಲ್ಲಿ ಕೂತು, ಎರಡು ಕೈಯಲ್ಲಿ ಟೀ ಲೋಟ ಹಿಡಿದು, ಐದೈದು ನಿಮಿಷಕ್ಕೊಮ್ಮೆ "ರೈಟ್" ಎನ್ನುವ ಹೆಂಗಸಾದೆ. ಟೀ ಕುಡಿಯುವುದು ಮರೆತೇ ಹೋಗುತ್ತಿತ್ತು. "ಅಯ್ಯೋ, ಟೀ ಆರಿ ಪೋಚು ಅಕ್ಕಾ! ಕುಡಿಯೋಕಾ ಇಲ್ಲ ಕೈ ಕಾಯ್ಸೋಕಾ ಇದು?" ಎಂದು ಸೆಲ್ವಿಯಕ್ಕ ಒಳಗಿನಿಂದ ಕೂಗುತ್ತಿದ್ದಳು. ಆ ಚಾಳಿ ಅಂಗಡಿಗೂ ಬಂತು. ಗಿರಾಕಿಯೊಬ್ಬರ ಕನ್ನಡಕದ ಕಾಲು ಬಗ್ಗಿಸುವ ಮೊದಲು ನಾನು ಜೋರಾಗಿ "ರೈಟ್" ಎಂದೆ. ಅವರು ಬೆಚ್ಚಿ ಬಾಗಿಲ ಕಡೆ ನೋಡಿದರು.

ಲೋಟ ಹಿಡಿದು ಏನು ನೋಡಬೇಕು ಎನ್ನುವುದನ್ನೂ ಅವರೇ ಹೇಳಿಕೊಟ್ಟರು. ಕಲಿಯುವವರೆಲ್ಲ ಮುಂದೆ ಎಲ್ಲಿಗೆ ಹೋಗಬಹುದು ಎಂದೇ ನೋಡುತ್ತಾರಂತೆ. "ಮುಂದ್ಗಡೆ ಗಾಜು ದೊಡ್ಡದಾಗೇ ಇರುತ್ತೆ ತಾಯಿ, ಅದನ್ನ ನೋಡಿ ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಕನ್ನಡಿ ನೋಡಿದ್ರಾ? ಈ ಕುದುರೆ ಇಲ್ಲಿಂದ ಎದ್ರೆ, ಅದು ಕಾಯ್ತಾ ಇದ್ದ ಸಿಪಾಯಿ ಗತಿ ಏನು?" ನನ್ನ ಅರ್ಧಕ್ಕರ್ಧ ಸೋಲುಗಳು ಅಲ್ಲಿದ್ದವು. ಕುದುರೆ ಎಲ್ಲಿಗೆ ಹೋಯಿತು ಎಂದು ಸಂಭ್ರಮ ಪಡುತ್ತಿದ್ದೆ, ಅದು ಬಿಟ್ಟುಹೋದ ಮನೆಯನ್ನು ತಿರುಗಿಯೂ ನೋಡುತ್ತಿರಲಿಲ್ಲ. ಈ ಒಂದು ಮಾತು ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು.

ಆಟ ಮುಗಿದ ಮೇಲೆ ಅವರ ಇನ್ನೊಂದು ಪದ್ಧತಿ. ಸೋತವರು ಕಾಯಿಗಳನ್ನು ಡಬ್ಬಿಗೆ ಹಾಕುವ ಹಾಗಿಲ್ಲ. "ಯಾವ ಸ್ಟಾಪಲ್ಲಿ ತಪ್ಪಿದ್ರಿ?" ಎಂದು ಕೇಳುತ್ತಿದ್ದರು. ನಡೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಿತ್ತು, ಅದನ್ನು ನೋಡಿ ಒಂದೊಂದೇ ನಡೆ ಹಿಂದಕ್ಕೆ ಹೋಗಿ, ತಪ್ಪು ಎಲ್ಲಿ ಆಯಿತು ಎಂದು ನಾನೇ ಬೆರಳಿಟ್ಟು ತೋರಿಸಬೇಕು. ತೋರಿಸಿದ ಮೇಲೆ ಅಲ್ಲಿಂದಲೇ ಮತ್ತೆ ಆಟ. ಆ ಸ್ಟಾಪು ಊರಿನ ನಕ್ಷೆಯಲ್ಲಿ ಎಲ್ಲಿತ್ತು ಎನ್ನುವುದು ಅವರ ತೀರ್ಮಾನ. ಶುರುವಾದದ್ದು ಶಿವಾಜಿನಗರ, ಗೆದ್ದರೆ ಕೆ.ಆರ್. ಪುರ. "ಇವತ್ತು ಹಲಸೂರು ಕೆರೆ ಹತ್ರ ಕೆಟ್ಟೋಯ್ತು," ಎನ್ನುವರು. ಏಳೆಂಟು ತಿಂಗಳಾದ ಮೇಲೆ, "ಪರ್ವಾಗಿಲ್ಲ, ಇಂದಿರಾನಗರ ದಾಟಿದ್ರಿ," ಎಂದರು. ಆ ದಿನ ನಾನು ಕಲ್ಯಾಣ ನಗರದ ಮನೆಗೆ ಹೋಗಿ, "ರೀ, ಇಂದಿರಾನಗರ ದಾಟಿದೆ," ಎಂದೆ. "ಅಲ್ಲಿಗ್ಯಾಕ್ ಹೋಗಿದ್ದೆ?" ಎಂದು ಮನೆಯವರು ಕೇಳಿದರು.

ಹೊಗಳುವುದು ಅವರ ಜಾಯಮಾನದಲ್ಲಿರಲಿಲ್ಲ. ಮೀಸೆಗೆ ಮಾತ್ರ ವಾರಕ್ಕೊಮ್ಮೆ ತಪ್ಪದೆ ಕಪ್ಪು ಬಣ್ಣ, ಆ ವಿಷಯದಲ್ಲಿ ತಮಾಷೆ ಮಾಡಿದರೆ ಮುಖ ಊದುತ್ತಿತ್ತು. ಪಕ್ಕದಲ್ಲಿ ನಿಂತು ಯಾರಾದರೂ ನಡೆ ಹೇಳಿಕೊಟ್ಟರೆ ಬೋರ್ಡ್ ಮಡಚಿ ಎದ್ದುಬಿಡುತ್ತಿದ್ದರು. ಹೀಗೆ ಸೆಲ್ವಿಯಕ್ಕನ ಗಂಡನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಇನ್ನೊಂದು ಮಾತನ್ನೂ ಹೇಳಬೇಕು. ಅವರು ಅಂಥ ದೊಡ್ಡ ಆಟಗಾರರೇನೂ ಆಗಿರಲಿಲ್ಲ. ಡಿಪೋದ ರೆಸ್ಟ್ ರೂಮಿನಲ್ಲಿ ಮೆಕ್ಯಾನಿಕ್ ಒಬ್ಬರಿಂದ, ನಲವತ್ತು ದಾಟಿದ ಮೇಲೆ ಕಲಿತವರು. ಒಮ್ಮೆ ಬೇಕರಿಗೆ ಪಫ್ ತಿನ್ನಲು ಬಂದ ಕಾಲೇಜು ಹುಡುಗಿಯೊಬ್ಬಳು, ಒಂದು ಆಟ ಆಡಬಹುದಾ ಅಂಕಲ್ ಎಂದು ಕೇಳಿ, ಪಫ್ ಮುಗಿಯುವ ಮೊದಲೇ ಅವರನ್ನು ಮಲಗಿಸಿಬಿಟ್ಟಳು. ನಾನು ಅವರ ಮುಖ ನೋಡಲಾರದೆ ಬೀದಿಯ ಕಡೆ ನೋಡಿದೆ. ಅವರು ಮಾತ್ರ ಬೆಂಚಿನಲ್ಲಿ ಮುಂದಕ್ಕೆ ಸರಿದು, "ನಾನ್ ಯಾವ ಸ್ಟಾಪಲ್ಲಿ ತಪ್ಪಿದೆ ಹೇಳಮ್ಮ," ಎಂದು ಆ ಹುಡುಗಿಯನ್ನು ಕೇಳಿದರು. ಅವಳು ಹೇಳಿದಳು. ಅವರು ನನ್ನ ನೋಟ್‌ಬುಕ್ ಕಿತ್ತುಕೊಂಡು ಬರೆದುಕೊಂಡರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ದಿನ.

ಅಂಥವರನ್ನೂ ನಾನು ಎರಡು ವರ್ಷದಲ್ಲಿ ಒಂದೇ ಒಂದು ಸಲವೂ ಸೋಲಿಸಲಾಗಲಿಲ್ಲ. ಬೇಸತ್ತು ಒಮ್ಮೆ, "ಒಂದ್ಸಲ ಬಿಟ್ಕೊಡಿ ಅಣ್ಣ, ನಿಮ್ಮ ಗಂಟೇನು ಹೋಗುತ್ತೆ?" ಎಂದು ಕೇಳಿಯೂಬಿಟ್ಟೆ.

"ಬಿಟ್ಕೊಟ್ರೆ ಕೆ.ಆರ್. ಪುರ ಬಂತು ಅಂತ ನಿಮ್ಗೆ ಹೆಂಗ್ ಗೊತ್ತಾಗ್ಬೇಕು?" ಎಂದರು. "ನಿದ್ದೆ ಮಾಡ್ಕೊಂಡು ಬಂದಂಗಾಗುತ್ತೆ. ಬೇಡ. ಎಚ್ಚರ ಇದ್ಕೊಂಡೇ ಬನ್ನಿ."

ಆಮೇಲೆ ಅವರು ಬರುವುದು ನಿಂತಿತು. ಒಂದೂವರೆ ತಿಂಗಳ ನಂತರ ಹೆಂಡತಿಯ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಸಣ್ಣ ಸ್ಟ್ರೋಕ್ ಆಗಿತ್ತಂತೆ. ಮಾತು, ಕೈಕಾಲು ಸರಿಯಾಗೇ ಇದ್ದವು. "ಎಡಗಡೆ ಸರಿಯಾಗಿ ಕಾಣ್ತಿಲ್ಲ ತಾಯಿ, ನಂಬರ್ ಬದಲಾಯ್ಸಿ," ಎಂದರು. ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಎರಡು ಕಣ್ಣಿನಲ್ಲೂ ಎಡಭಾಗದ ನೋಟವೇ ಹೋಗಿತ್ತು. ಅದಕ್ಕೆ ನಮ್ಮಲ್ಲಿ ಗಾಜಿಲ್ಲ, ಯಾರಲ್ಲೂ ಇಲ್ಲ. ಕತ್ತು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು ಎಂದು ಡಾಕ್ಟರ್ ಹೇಳಿದ್ದನ್ನೇ ನಾನೂ ಹೇಳಿದೆ. ಸ್ಕೂಟರ್ ಕೂಡ ಮುಟ್ಟಬಾರದು ಎಂದು ಡಾಕ್ಟರ್ ಅಂದಿದ್ದರಂತೆ. ಅವರು, "ಬೋರ್ಡ್ ತಂದಿದೀನಿ," ಎಂದರು.

ಆ ದಿನದ ಆಟವನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಅವರ ಎಡಗಡೆಯ ಅಂಚಿನಲ್ಲಿ ಅವರ ಆನೆಯೊಂದು ಕಾವಲಿಲ್ಲದೆ ನಿಂತಿತ್ತು. ನನ್ನ ಒಂಟೆ ಓರೆಯಲ್ಲಿ ಓಡಿಹೋಗಿ ಅದನ್ನು ಎತ್ತಿಕೊಂಡು ಬರಬಹುದಿತ್ತು. ಅವರಿಗೆ ಅದು ಕಾಣುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಅವರ ಹೆಂಡತಿ ಸೆರಗಿನ ತುದಿ ಹಿಡಿದು ಕೂತಿದ್ದರು. ನನಗೆ ಮನಸ್ಸು ಬರಲಿಲ್ಲ. ಮೂರು ನಡೆ ಆನೆಯನ್ನು ನೋಡಿಯೂ ನೋಡದವಳ ಹಾಗೆ ಬೇರೆ ಏನೇನೋ ಆಡಿದೆ. ಕೊನೆಗೆ "ರೈಟ್" ಎಂದು ಹೇಳಿ ನನ್ನ ರಾಣಿಯನ್ನು ತೆಗೆದುಕೊಂಡು ಹೋಗಿ ಅವರ ಕುದುರೆಯ ಬಾಯಿಗೆ ಇಟ್ಟೆ. ಅವರು ಗೆದ್ದರು. ಅವರ ಹೆಂಡತಿ ನಕ್ಕರು. ನಾನೊಂದು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ.

"ಯಾವ ಸ್ಟಾಪಲ್ಲಿ ತಪ್ಪಿದ್ರಿ?" ಎಂದು ಕೇಳಿದರು.

ನಾನು ರಾಣಿಯ ನಡೆಗೆ ಬೆರಳಿಟ್ಟೆ. ಅವರು ತಲೆಯಾಡಿಸಿ, ಒಂದೊಂದೇ ಕಾಯನ್ನು ಹಿಂದಕ್ಕೆ ಸರಿಸುತ್ತ ಹೋದರು. ಮೂರು ನಡೆ ಹಿಂದೆ ಹೋಗಿ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಆನೆಯನ್ನು ನೋಡಿದರು. ಅಲ್ಲಿಂದ ಓರೆಯಲ್ಲಿ ನನ್ನ ಒಂಟೆಯವರೆಗೂ ಬೆರಳು ಎಳೆದರು.

"ಇದು ಒಂಟೆ ಬಾಯಲ್ಲೇ ಇತ್ತಲ್ಲ. ನೋಡ್ಲಿಲ್ವಾ?"

"ಇಲ್ಲ ಅಣ್ಣ. ಗಮನಿಸ್ಲಿಲ್ಲ."

"ಎರಡ್ ವರ್ಷ ನಾನ್ ಕಲ್ಸಿದೀನಿ. ನೀವ್ ನೋಡಿರ್ತೀರಿ."

ಅವರು ಕಾಯಿಗಳನ್ನು ಡಬ್ಬಿಗೆ ಹಾಕತೊಡಗಿದರು. ತಪ್ಪಿದ ಸ್ಟಾಪಿನಿಂದ ಮತ್ತೆ ಆಡಿಸದೆ ಕಾಯಿ ಎತ್ತಿಟ್ಟದ್ದು ಅದೇ ಮೊದಲು. "ಡಾಕ್ಟ್ರು ಗಾಡಿ ಓಡಿಸ್ಬೇಡ ಅಂದ್ರು, ಸರಿ, ಒಪ್ಕೊಂಡೆ," ಎಂದರು. "ಇದನ್ನೂ ಓಡಿಸ್ಬೇಡ ಅಂತ ನೀವ್ ಹೇಳ್ಬಿಟ್ರಲ್ಲ ತಾಯಿ." ಹೆಂಡತಿಯ ಕೈ ಹಿಡಿದು ಎದ್ದು ಹೋದರು. ಸೆಲ್ವಿಯಕ್ಕ ಬಾಗಿಲಲ್ಲಿ ನಿಂತಿದ್ದಳು.

ಒಂದು ತಿಂಗಳು ನಾನು ಆ ಬೆಂಚಿನ ಕಡೆ ಹೋಗಲಿಲ್ಲ. ನಾಚಿಕೆಯಿಂದ ಫೋನೂ ಮಾಡಲಿಲ್ಲ. ಒಂದು ಮಧ್ಯಾಹ್ನ ಅವರ ಹೆಂಡತಿ ಒಬ್ಬರೇ ಅಂಗಡಿಗೆ ಬಂದರು. ಬಂದದ್ದು ಕನ್ನಡಕದ ಪೆಟ್ಟಿಗೆಗೆ, ಆದರೆ ಪೆಟ್ಟಿಗೆ ತೆಗೆದುಕೊಂಡ ಮೇಲೂ ಹೊರಡಲಿಲ್ಲ.

"ಅವ್ರು ಬೋರ್ಡ್ ಮುಟ್ಟಿಲ್ಲ ಕಣಮ್ಮ," ಎಂದರು. "ಅಟ್ಟದ ಮೇಲೆ ಇಡು ಅಂದವ್ರೆ. ಟಿವಿ ಮುಂದೆ ಕೂತಿರ್ತಾರೆ. ಕತ್ತು ತಿರುಗ್ಸಿ ಅಂದ್ರೆ, ತಿರುಗ್ಸಿ ಏನ್ ನೋಡ್ಬೇಕು ಅಂತಾರೆ."

ಅವರು ಆಟ ಬಿಟ್ಟರೆ ಅದಕ್ಕೆ ಕಾರಣ ನಾನು, ಕಣ್ಣಲ್ಲ. ಇದು ನನಗೆ ಆಗ ಖಡಾಖಂಡಿತವಾಗಿ ಗೊತ್ತಾಯಿತು. ಮುಂದಿನ ಭಾನುವಾರ ಮಧ್ಯಾಹ್ನ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಖಾಕಿ ಡ್ರೆಸ್ಸಿನಲ್ಲಿ ಬಸ್ಸಿಗೆ ಒರಗಿ ನಿಂತ ಅವರ ಹಳೆಯ ಫೋಟೋ. ಮೀಸೆಯ ಬಣ್ಣ ಹೋಗಿ ಬೆಳ್ಳಗಾಗಿತ್ತು. "ಬನ್ನಿ" ಎಂದರೇ ಹೊರತು ಮುಖ ಟಿವಿಯ ಕಡೆಗೇ ಇತ್ತು. ನಾನು ಅವರ ಹೆಂಡತಿಯನ್ನು ಕೇಳಿ ಅಟ್ಟದಿಂದ ಬೋರ್ಡ್ ಇಳಿಸಿಕೊಂಡೆ. ನೆಲದ ಮೇಲೆ ಕೂತು, ನೋಟ್‌ಬುಕ್ ನೋಡಿಕೊಂಡು, ಒಂದೊಂದೇ ಕಾಯಿ ಇಟ್ಟೆ. ಇಪ್ಪತ್ತು ನಿಮಿಷ ಹಿಡಿಯಿತು. ಅವರು ಟಿವಿ ನೋಡುತ್ತಲೇ ಇದ್ದರು, ಆದರೆ ಬೋರ್ಡಿನ ಮೇಲೆ ಕಾಯಿ ಕುಟ್ಟಿದಾಗಲೆಲ್ಲ ಅವರ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು.

"ಅಣ್ಣ, ನಾನು ಯಾವ ಸ್ಟಾಪಲ್ಲಿ ತಪ್ಪಿದೆ ಅಂತ ಆವತ್ತು ಸುಳ್ಳು ಹೇಳಿದೆ," ಎಂದೆ. "ಇಲ್ಲಿ ತಪ್ಪಿದ್ದು."

ಅವರು ನಿಧಾನವಾಗಿ ಬಂದು ಎದುರಿಗೆ ಕೂತರು. ಕತ್ತು ಎಡಕ್ಕೆ ತಿರುಗಿಸಿದರು. ಅಂಚಿನಲ್ಲಿ ಆನೆ ಒಂಟಿಯಾಗಿ ನಿಂತಿತ್ತು. ಅವರ ಹೆಂಡತಿ ತಂದುಕೊಟ್ಟ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. "ರೈಟ್" ಎಂದೆ. ಲೋಟ ಕೆಳಗಿಟ್ಟು, ಒಂಟೆಯಿಂದ ಅವರ ಆನೆಯನ್ನು ಹೊಡೆದೆ.

"ಹ್ಞೂಂ," ಎಂದರು. ಎದ್ದು ಹೋಗಿ ಟಿವಿ ಆರಿಸಿ ಬಂದರು.

ಆಮೇಲೆ ನಡೆದದ್ದು ಯುದ್ಧ. ಒಂದು ಆನೆ ಕಮ್ಮಿಯಿದ್ದ ಮನುಷ್ಯ ಮುದುಡಿ ಕೂರುತ್ತಾರೆ ಅಂದುಕೊಂಡಿದ್ದೆ. ಪ್ರತಿ ನಡೆಗೂ ಮೊದಲು ಕತ್ತನ್ನು ಎಡಕ್ಕೆ ತಿರುಗಿಸಿ, ಅಂಚಿನಿಂದ ಅಂಚಿಗೆ ನೋಡಿ, ಆಮೇಲೆ ರೈಟ್ ಎಂದು ಆಡುತ್ತ, ಅರ್ಧ ಗಂಟೆಯಲ್ಲಿ ನನ್ನ ಒಂದು ಕುದುರೆ, ಎರಡು ಸಿಪಾಯಿಗಳನ್ನು ಕಿತ್ತುಕೊಂಡು ಲೆಕ್ಕ ಸಮ ಮಾಡಿದರು. ಅವರ ಕುದುರೆ ಬಲಗಡೆ ನನ್ನ ರಾಜನ ಸುತ್ತ ಕುಣಿಯತೊಡಗಿತು. ನನಗೆ ನಿಜವಾಗಿ ಬೆವರಿತು. ದಾಕ್ಷಿಣ್ಯ ಮಾಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ನನಗಿದ್ದ ದಾರಿ ಒಂದೇ ಒಂದು ಸಿಪಾಯಿ, ಅವರ ಎಡಗಡೆಯ ಅಂಚಿನಲ್ಲಿ. ಅದನ್ನು ಒಂದು ಮನೆ ಮುಂದಕ್ಕೆ ತಳ್ಳಿದೆ. ಅವರು ಕುದುರೆ ಕುಣಿಸಿದರು. ಇನ್ನೊಂದು ಮನೆ ತಳ್ಳಿದೆ. ಅವರು ಮತ್ತೆ ಕುದುರೆ ಆಡಿದರು, ಈ ಸಲ ಕತ್ತು ತಿರುಗಲಿಲ್ಲ. ಹೇಳಿಬಿಡಲೇ, ಬೇರೇನಾದರೂ ಆಡಲೇ ಎಂದು ಒಂದು ಗಳಿಗೆ ಅನ್ನಿಸಿತು. "ರೈಟ್" ಎಂದು ಸಿಪಾಯಿಯನ್ನು ಕೊನೆಯ ಮನೆಗೆ ತಳ್ಳಿದೆ. ಕೊನೆ ಮುಟ್ಟಿದ ಸಿಪಾಯಿ ರಾಣಿಯಾಗುತ್ತದೆ. ಅಲ್ಲಿಂದ ಐದನೆಯ ನಡೆಗೆ ಅವರ ರಾಜ ಸಿಕ್ಕಿಬಿದ್ದ.

ಅವರು ಬಹಳ ಹೊತ್ತು ಬೋರ್ಡ್ ನೋಡಿದರು. ಆಮೇಲೆ ತಲೆ ಎತ್ತಿ, "ಈಗ ನಾನ್ ಯಾವ ಸ್ಟಾಪಲ್ಲಿ ತಪ್ಪಿದೆ, ನೀವ್ ಹೇಳಿ," ಎಂದರು.

ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ನಾನು ಕಾಯಿಗಳನ್ನು ಹಿಂದಕ್ಕೆ ಸರಿಸಿ, ಅವರ ಕುದುರೆ ಕೊನೆಯ ಸಲ ಕುಣಿಯುವ ಮೊದಲಿನ ಜಾಗಕ್ಕೆ ಬಂದು ನಿಲ್ಲಿಸಿದೆ.

"ಇಲ್ಲಿ ಅಣ್ಣ. ಅಲ್ಲಿವರ್ಗೂ ಪ್ರತಿ ಸಲ ಎಡಗಡೆ ನೋಡಿದ್ರಿ. ನನ್ನ ರಾಜ ಸಿಕ್ಕಿಬಿದ್ದ ಅನ್ನೋ ಖುಷೀಲಿ ಇಲ್ಲಿ ಕನ್ನಡಿ ನೋಡೋದ್ ಮರೆತ್ರಿ."

"ಕಣ್ಣಿಂದಲ್ಲ?"

"ಕಣ್ಣಿಂದಲ್ಲ. ನಾನು ಮಾಡ್ತಿದ್ದೆನಲ್ಲ, ಅದೇ ತಪ್ಪು."

ಅವರ ಬಿಳಿ ಮೀಸೆ ಅಲ್ಲಾಡಿತು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಏಯ್, ಇವ್ರು ಕೆ.ಆರ್. ಪುರ ಬಂದ್ರು ಕಣೇ," ಎಂದು ಹೆಂಡತಿಗೆ ಕೂಗಿ ಹೇಳಿದರು. ನನ್ನ ಮುಂದಿದ್ದ ಟೀ ಲೋಟವನ್ನು ಎತ್ತಿಕೊಂಡು ತಮ್ಮ ಎರಡೂ ಕೈಯಲ್ಲಿ ಹಿಡಿದರು. ಕತ್ತನ್ನು ಎಡಕ್ಕೆ, ಭುಜ ಮುಟ್ಟುವಷ್ಟು ತಿರುಗಿಸಿ, ನನ್ನ ಸಿಪಾಯಿಯನ್ನು ಚೆನ್ನಾಗಿ ನೋಡಿದರು.

"ರೈಟ್," ಎಂದರು. ಲೋಟ ಕೆಳಗಿಟ್ಟು, ಅದನ್ನು ತಡೆಯಲು ಉಳಿದಿದ್ದ ಇನ್ನೊಂದು ಆನೆಯನ್ನು ಎತ್ತಿಕೊಂಡರು.